ಕಾಣೆಯಾದ ಕೆಂಪು ಗಿಟಾರ್

ನಾಟಕವನ್ನಾಗಲಿ ಚಲಚ್ಚಿತ್ರವನ್ನಾಗಲಿ ನೋಡುವಾಗ ನಮ್ಮ ಗಮನವೆಲ್ಲ ನಟರ ಮೇಲೆಯೇ ನೆಟ್ಟಿರುತ್ತದೆ. ಅವರು ಕುಳಿತ ಪೀಠ, ಹಿಡಿದ ಕತ್ತಿ, ಓದಿದ ಓಲೆ, ನುಡಿಸಿದ ವಾದ್ಯ ಇವುಗಳತ್ತ ಕಣ್ಣು ಹಾಯುವುದು ಅಪರೂಪ. ಆದರೂ ಈ ಮೂಕ ವಸ್ತುಗಳಿಲ್ಲದೆ ಎಷ್ಟೋ ಕಥೆಗಳು ಮುಂದೆ ಸಾಗುವುದೇ ಇಲ್ಲ. ಕಾಳಿದಾಸನ ಶಾಕುಂತಲ ನಾಟಕದಲ್ಲಿ ದುಷ್ಯಂತನ ಉಂಗುರ ಕಳೆದುಹೋಗದಿದ್ದರೆ ಶಕುಂತಲೆಯ ದುಃಖವಿಲ್ಲ. ಅದು ಮೀನಿನ ಹೊಟ್ಟೆಯಿಂದ ಮರಳಿ ಬರದಿದ್ದರೆ ರಾಜನಿಗೆ ನೆನಪೂ ಇಲ್ಲ. ಕಥೆಯೊಳಗಿನ ಉಂಗುರಕ್ಕೆ ಕವಿಯೇ ಕಾವಲುಗಾರ. ಆದರೆ ರಂಗದ ಮೇಲೆ ಬಳಸಿದ ವಸ್ತುವಿಗೆ, ಆಟ ಮುಗಿದು ದೀಪ ಆರಿದ ಮೇಲೆ, ಕಾವಲುಗಾರರು ಯಾರು? ಅಮೆರಿಕದ ಒಂದು ಪ್ರಸಿದ್ಧ ಚಲಚ್ಚಿತ್ರದಲ್ಲಿ ಕಾಣಿಸಿಕೊಂಡು, ಅನಂತರ ಕಣ್ಮರೆಯಾದ ಕೆಂಪು ಗಿಟಾರೊಂದರ ವೃತ್ತಾಂತ ಈ ಪ್ರಶ್ನೆಯನ್ನು ನಮ್ಮ ಮುಂದಿಡುತ್ತದೆ.

1985ನೆಯ ಇಸವಿಯ ಜುಲೈ 3ರಂದು ಅಮೆರಿಕದಲ್ಲಿ 'ಬ್ಯಾಕ್ ಟು ದ ಫ್ಯೂಚರ್' ಎಂಬ ಚಲಚ್ಚಿತ್ರ ತೆರೆಕಂಡಿತು. ಭವಿಷ್ಯಕ್ಕೆ ಹಿಂದಿರುಗುವುದು ಎಂಬುದು ಆ ಹೆಸರಿನ ಅರ್ಥ. ರಾಬರ್ಟ್ ಝೆಮೆಕಿಸ್ ಅದರ ನಿರ್ದೇಶಕರು. ಅವರೂ ಬಾಬ್ ಗೇಲ್ ಎಂಬವರೂ ಕೂಡಿ ಕಥೆಯನ್ನು ಹೆಣೆದಿದ್ದರು. ಮಾರ್ಟಿ ಎಂಬ ಪ್ರೌಢಶಾಲಾ ವಿದ್ಯಾರ್ಥಿ, ವೃದ್ಧ ವಿಜ್ಞಾನಿಯೊಬ್ಬನು ಕಾರಿನಲ್ಲಿ ಅಳವಡಿಸಿದ ಕಾಲಯಂತ್ರದ ನೆರವಿನಿಂದ, ಮೂವತ್ತು ವರ್ಷ ಹಿಂದಕ್ಕೆ, 1955ಕ್ಕೆ ಹೋಗಿಬಿಡುತ್ತಾನೆ. ಅಲ್ಲಿ ಅವನ ತಂದೆತಾಯಿಗಳು ಇನ್ನೂ ಶಾಲೆಯಲ್ಲಿ ಓದುತ್ತಿರುವ ಹುಡುಗ ಹುಡುಗಿ. ಇವನ ಬರವಿನಿಂದಾಗಿ ಅವರಿಬ್ಬರ ಸ್ನೇಹ ಕೂಡಿಬರುವುದೇ ತಪ್ಪಿಹೋಗುವ ಸಂಭವ ಒದಗುತ್ತದೆ. ತಂದೆತಾಯಿಗಳು ಒಂದಾಗದಿದ್ದರೆ ಮಗನು ಹುಟ್ಟುವುದೆಂತು? ತನ್ನ ಅಸ್ತಿತ್ವವನ್ನು ತಾನೇ ಉಳಿಸಿಕೊಳ್ಳಬೇಕಾದ ವಿಚಿತ್ರ ಸಂಕಟ ಮಾರ್ಟಿಗೆ ಬರುತ್ತದೆ.

ಕಥೆಯ ಗಂಟು ಬಿಚ್ಚುವುದು 1955ರ ನವೆಂಬರ್ 12ರ ರಾತ್ರಿ, ಶಾಲೆಯ ನೃತ್ಯಕೂಟದಲ್ಲಿ. ಅಂದು ವಾದ್ಯ ನುಡಿಸಲು ಬಂದಿದ್ದ ಮಾರ್ವಿನ್ ಬೆರಿ ಎಂಬ ಕಲಾವಿದನ ಕೈಗೆ ಪೆಟ್ಟಾಗುತ್ತದೆ. ಗಿಟಾರ್ ಇಲ್ಲದಿದ್ದರೆ ಸಂಗೀತವಿಲ್ಲ, ಸಂಗೀತವಿಲ್ಲದಿದ್ದರೆ ನೃತ್ಯವಿಲ್ಲ, ನೃತ್ಯವಿಲ್ಲದಿದ್ದರೆ ತಂದೆತಾಯಿಗಳು ಒಂದುಗೂಡುವುದಿಲ್ಲ. ಮಾರ್ಟಿ ಆ ಕಲಾವಿದನ ಗಿಟಾರನ್ನು ಎರವಲು ಪಡೆದು ತಾನೇ ನುಡಿಸಲು ನಿಲ್ಲುತ್ತಾನೆ. ನಡುವೆ ಅವನ ಬೆರಳುಗಳು ಬಲಗುಂದುತ್ತವೆ. ಕೈಯೇ ಗಾಳಿಯಲ್ಲಿ ಕರಗಿದಂತೆ ಕಾಣುತ್ತದೆ. ಕಡೆಗೆ ತಂದೆತಾಯಿಗಳು ಒಲಿಯುತ್ತಾರೆ, ಹುಡುಗ ಚೇತರಿಸಿಕೊಳ್ಳುತ್ತಾನೆ. ಆ ಬಳಿಕ ಅವನು ಅತ್ಯುತ್ಸಾಹದಿಂದ 'ಜಾನಿ ಬಿ. ಗುಡ್' ಎಂಬ ಹಾಡನ್ನು ನುಡಿಸಿ ಸಭೆಯನ್ನು ಬೆರಗುಗೊಳಿಸುತ್ತಾನೆ. ಅವನ ಕೊರಳಲ್ಲಿ ತೂಗುವ ಹೊಳೆಹೊಳೆಯುವ ಕೆಂಪು ಗಿಟಾರೇ ನಮ್ಮ ಕಥಾನಾಯಕ.

ಇದು ವಿದ್ಯುತ್ ಗಿಟಾರ್. ನಮ್ಮ ವೀಣೆಗೂ ಗಿಟಾರಿಗೂ ಹೋಲಿಕೆಯುಂಟು. ಎರಡರಲ್ಲೂ ಬಿಗಿದ ತಂತಿಗಳಿವೆ. ತಂತಿಗಳ ಕೆಳಗೆ ಸಾಲಾಗಿ ಮೆಟ್ಟಿಲುಗಳಿವೆ. ಯಾವ ಮೆಟ್ಟಿಲಿನ ಬಳಿ ತಂತಿಯನ್ನು ಒತ್ತುತ್ತೇವೆಯೋ ಅದಕ್ಕೆ ತಕ್ಕ ಸ್ವರ ಹೊರಡುತ್ತದೆ. ವೀಣೆಯ ನಾದವನ್ನು ಅದರ ಟೊಳ್ಳಾದ ಕೊಡವೇ ತುಂಬಿಕೊಡುತ್ತದೆ. ಹಳೆಯ ಗಿಟಾರುಗಳಲ್ಲಿಯೂ ಆ ಕೆಲಸವನ್ನು ಟೊಳ್ಳಾದ ಮರದ ಒಡಲೇ ಮಾಡುತ್ತಿತ್ತು. ಆದರೆ ತುತ್ತೂರಿಗಳೂ ತಮಟೆಗಳೂ ಕೂಡಿದ ದೊಡ್ಡ ವಾದ್ಯವೃಂದದ ನಡುವೆ ಗಿಟಾರಿನ ಮೆಲುದನಿ ಕೇಳಿಸದೆ ಹೋಗುತ್ತಿತ್ತು. ಇದಕ್ಕೆ ಪರಿಹಾರವಾಗಿ ವಿದ್ಯುತ್ತನ್ನು ಬಳಸಿಕೊಳ್ಳಲಾಯಿತು. ಉಕ್ಕಿನ ತಂತಿಗಳ ಅಡಿಯಲ್ಲಿ ಅಯಸ್ಕಾಂತವನ್ನೂ, ಅದರ ಸುತ್ತ ಕೂದಲಿನಷ್ಟು ತೆಳುವಾದ ತಾಮ್ರದ ತಂತಿಯ ಸಾವಿರಾರು ಸುತ್ತುಗಳನ್ನೂ ಇಟ್ಟರು. ತಂತಿ ಮಿಡಿದಾಗ ಕಾಂತಕ್ಷೇತ್ರ ಕದಲುತ್ತದೆ. ಆ ಕದಲಿಕೆಯಿಂದ ತಾಮ್ರದ ಸುರುಳಿಯಲ್ಲಿ ಅತ್ಯಲ್ಪವಾದ ವಿದ್ಯುತ್ತು ಹರಿಯುತ್ತದೆ. 1831ರಲ್ಲಿ ಮೈಕೇಲ್ ಫ್ಯಾರಡೆ ಪ್ರಯೋಗದಿಂದ ತೋರಿಸಿಕೊಟ್ಟ ತತ್ತ್ವವೇ ಇದು. ಆ ಅಲ್ಪ ವಿದ್ಯುತ್ತನ್ನು ವರ್ಧಕಯಂತ್ರ ಬಲಪಡಿಸಿ ಧ್ವನಿವರ್ಧಕಕ್ಕೆ ಕಳುಹಿಸುತ್ತದೆ. ಅಯಸ್ಕಾಂತ ಮತ್ತು ಸುರುಳಿ ಕೂಡಿದ ಈ ಸಾಧನಕ್ಕೆ ಪಿಕಪ್ ಎಂದು ಹೆಸರು.

ಅಮೆರಿಕದ ಮಿಚಿಗನ್ ಸಂಸ್ಥಾನದ ಕಲಮಜೂ ಎಂಬ ಊರಿನಲ್ಲಿ 1902ರಲ್ಲಿ ಸ್ಥಾಪನೆಗೊಂಡ ಗಿಬ್ಸನ್ ಸಂಸ್ಥೆ 1936ರಲ್ಲಿ ತನ್ನ ಮೊದಲ ಪ್ರಸಿದ್ಧ ವಿದ್ಯುತ್ ಗಿಟಾರನ್ನು ಮಾರುಕಟ್ಟೆಗೆ ತಂದಿತು. ಟೊಳ್ಳು ಒಡಲಿನ ಗಿಟಾರನ್ನು ಧ್ವನಿವರ್ಧಕದ ಬಳಿ ಗಟ್ಟಿಯಾಗಿ ನುಡಿಸಿದರೆ ಅದು ಊಳಿಡುವ ದೋಷವಿತ್ತು. ಒಡಲನ್ನು ಪೂರ್ತಿ ಗಟ್ಟಿ ಮರದಿಂದ ಮಾಡಿದರೆ ದೋಷ ಹೋಗುತ್ತಿತ್ತು. ಜೊತೆಗೆ ನಾದದ ಮಾರ್ದವವೂ ಹೋಗುತ್ತಿತ್ತು. ಕಡೆಗೆ ಸಂಸ್ಥೆಯವರು ಒಡಲಿನ ನಡುವೆ ಉದ್ದಕ್ಕೂ ಒಂದು ಗಟ್ಟಿ ಮರದ ತುಂಡನ್ನು ಕೂರಿಸಿ, ಎರಡು ಪಕ್ಕಗಳನ್ನು ಟೊಳ್ಳಾಗಿ ಬಿಟ್ಟು, ಎರಡೂ ಗುಣಗಳನ್ನು ಒಂದರಲ್ಲಿಯೇ ಬೆಸೆದರು. ಈ ಬಗೆಯ ಗಿಟಾರ್ ಮೊದಲು ಹೊರಬಂದದ್ದು 1958ರಲ್ಲಿ. ಚಿತ್ರದಲ್ಲಿ ಕಾಣುವ 'ಇಎಸ್-345' ಈ ಕುಟುಂಬಕ್ಕೆ ಸೇರಿದುದು. ಇದರಲ್ಲಿ ಅಳವಡಿಸಿದ, ಗುಂಯ್‌ಗುಟ್ಟುವಿಕೆಯನ್ನು ಅಡಗಿಸುವ ಜೋಡಿ ಸುರುಳಿಯ ಪಿಕಪ್ಪಿಗಾಗಿ ಸೆತ್ ಲವರ್ ಎಂಬ ತಂತ್ರಜ್ಞರು ಪೇಟೆಂಟಿಗೆ ಅರ್ಜಿ ಸಲ್ಲಿಸಿದ್ದು 1955ರಲ್ಲಿ.

ಹಾಗಾದರೆ 1955ರ ನೃತ್ಯಕೂಟದಲ್ಲಿ ಈ ಗಿಟಾರ್ ಇರಲು ಹೇಗೆ ಸಾಧ್ಯ? ಸಾಧ್ಯವೇ ಇಲ್ಲ. ಕಥೆಯಲ್ಲಿ ಕಾಲವನ್ನು ದಾಟಿ ಹಿಂದಕ್ಕೆ ಹೋದವನು ಮಾರ್ಟಿಯೊಬ್ಬನೇ ಎಂದು ನಾವು ತಿಳಿದಿದ್ದರೆ, ಅವನಿಗಿಂತ ಸದ್ದಿಲ್ಲದೆ ಈ ಗಿಟಾರೂ ಕಾಲವನ್ನು ದಾಟಿತ್ತು. ಆದರೂ ಇಂಥ ಗಿಟಾರು ಆ ದೃಶ್ಯಕ್ಕೆ ಚೆನ್ನಾಗಿಯೇ ಒಪ್ಪಿತು. ಮಾರ್ಟಿ ನುಡಿಸುವ ಹಾಡು ಚಕ್ ಬೆರಿ ಎಂಬ ಹೆಸರಾಂತ ಕಲಾವಿದರದು; ಅದು ಪ್ರಕಟವಾದದ್ದು 1958ರಲ್ಲಿ. ಗಿಬ್ಸನ್ ಗಿಟಾರುಗಳನ್ನು ನುಡಿಸುತ್ತಿದ್ದ ಬೆರಿಯವರನ್ನು ಜನ ನೆನೆಯುವಾಗ ಅವರ ಕೊರಳಲ್ಲಿ ತೂಗುತ್ತಿದ್ದ ಇಂಥ ಕೆಂಪು ಗಿಟಾರೂ ನೆನಪಿಗೆ ಬರುತ್ತದೆ. ಇತಿಹಾಸದ ಲೆಕ್ಕಕ್ಕೆ ತಪ್ಪಾದದ್ದು ಭಾವದ ಲೆಕ್ಕಕ್ಕೆ ಸರಿಯಾಗಿತ್ತು.

ಇನ್ನೊಂದು ವಿಚಾರವನ್ನೂ ಇಲ್ಲಿ ಗಮನಿಸಬೇಕು. ತೆರೆಯ ಮೇಲೆ ಆ ಗಿಟಾರಿನಿಂದ ಹೊಮ್ಮುವಂತೆ ಕೇಳಿಸುವ ನಾದ ಅದರದಲ್ಲ. ಮಾರ್ಟಿಯ ಪಾತ್ರಧಾರಿ ಮೈಕೇಲ್ ಜೆ. ಫಾಕ್ಸ್ ಅವರು ಶಿಕ್ಷಕರೊಬ್ಬರ ನೆರವಿನಿಂದ ಯಾವ ಸ್ವರಕ್ಕೆ ಯಾವ ಬೆರಳು ಎಲ್ಲಿ ಕೂರಬೇಕೆಂಬುದನ್ನು ಕಲಿತು ಅಭಿನಯಿಸಿದರು. ಕೇಳಿಸುವ ಗಿಟಾರನ್ನು ನುಡಿಸಿದವರು ಟಿಮ್ ಮೇ. ಹಾಡಿದವರು ಮಾರ್ಕ್ ಕ್ಯಾಂಬೆಲ್. ದೃಶ್ಯದಲ್ಲಿ ನಾವು ಕಾಣುವ ಒಬ್ಬ ಹುಡುಗನ ಹಿಂದೆ ಇಷ್ಟು ಜನರ ಪರಿಶ್ರಮವಿದೆ. ಕೆಂಪು ಗಿಟಾರಿನ ಪಾಲಿಗೆ ಬಂದದ್ದು ಕಾಣಿಸಿಕೊಳ್ಳುವ ಕೆಲಸವಷ್ಟೇ. ಆದರೆ ಜನರ ಮನಸ್ಸಿನಲ್ಲಿ ಹಾಡೂ ಹುಡುಗನೂ ಗಿಟಾರೂ ಬೇರೆಬೇರೆಯಾಗಿ ಉಳಿಯಲಿಲ್ಲ. ಆ ದೃಶ್ಯವನ್ನು ನೋಡಿ ಎಷ್ಟೋ ಮಂದಿ ಎಳೆಯರು ಗಿಟಾರ್ ಕಲಿಯಲು ತೊಡಗಿದರು. ನಾದವನ್ನು ಕೊಡದ ವಾದ್ಯವೂ ಹೀಗೆ ಸಂಗೀತಕ್ಕೆ ಸೇವೆ ಸಲ್ಲಿಸಿತು.

ಈ ಗಿಟಾರ್ ಚಿತ್ರ ನಿರ್ಮಾಪಕರ ಸ್ವತ್ತಾಗಿರಲಿಲ್ಲ. ಹಳೆಯ ಅಪರೂಪದ ಗಿಟಾರುಗಳನ್ನು ಕೊಂಡು ಮಾರುವ, ಲಾಸ್ ಏಂಜಲೀಸ್ ಪ್ರದೇಶದ 'ನಾರ್ಮನ್ಸ್ ರೇರ್ ಗಿಟಾರ್ಸ್' ಎಂಬ ಅಂಗಡಿಯಿಂದ ಅದನ್ನು ಬಾಡಿಗೆಗೆ ತಂದಿದ್ದರು. ಚಿತ್ರೀಕರಣ ಮುಗಿಯಿತು, ಗಿಟಾರ್ ಅಂಗಡಿಗೆ ಮರಳಿತು. ಅಲ್ಲಿಂದ ಅದು ಮಾರಾಟವಾಗಿ ಹೋಯಿತು. ಚಿತ್ರ ಅಪಾರ ಜನಪ್ರಿಯತೆ ಗಳಿಸಿದುದರಿಂದ ಅದರ ಮುಂದಿನ ಭಾಗವನ್ನು ತಯಾರಿಸಲು ಹೊರಟರು. 1989ರಲ್ಲಿ ತೆರೆಗೆ ಬಂದ ಆ ಎರಡನೆಯ ಭಾಗದಲ್ಲಿ ಹಳೆಯ ನೃತ್ಯಕೂಟದ ದೃಶ್ಯವೇ ಮತ್ತೆ ಬರಬೇಕಾಗಿತ್ತು. ನಟ ಸಿದ್ಧನಾಗಿದ್ದ, ವೇದಿಕೆ ಸಿದ್ಧವಾಗಿತ್ತು. ಹಳೆಯ ಗಿಟಾರನ್ನು ಹುಡುಕಿದರೆ ಅದು ಎಲ್ಲಿಯೂ ಸಿಗಲಿಲ್ಲ. ನಾಲ್ಕೈದು ವರ್ಷಗಳ ಅಲ್ಪ ಅವಧಿಯಲ್ಲಿ ಅದರ ಜಾಡು ಅಳಿಸಿಹೋಗಿತ್ತು.

ಇದರಲ್ಲಿ ಯಾರದು ತಪ್ಪು? ವಿಚಾರಮಾಡಿ ನೋಡಿದರೆ ಯಾರದೂ ತಪ್ಪಲ್ಲವೆಂದೇ ತೋರುತ್ತದೆ. ಚಿತ್ರದವರು ಎರವಲು ತಂದ ವಸ್ತುವನ್ನು ಕೆಡಿಸದೆ ಹಿಂದಿರುಗಿಸಿದರು. ಅದು ಅವರ ಧರ್ಮ. ಅಂಗಡಿಯವರು ಕೊಳ್ಳಲು ಬಂದವರಿಗೆ ಮಾರಿದರು. ಅದು ಅವರ ವ್ಯಾಪಾರ. ಚಿತ್ರ ತೆರೆಕಾಣುವ ಮೊದಲು ಅದರ ಕೀರ್ತಿಯನ್ನು ಊಹಿಸಿದವರು ಯಾರು? ಬಾಡಿಗೆಯ ದಿನ ಮುಗಿದೊಡನೆ ಆ ಗಿಟಾರ್ ಗೋಡೆಗೆ ತೂಗುಹಾಕಿದ ಅನೇಕ ಗಿಟಾರುಗಳಲ್ಲಿ ಒಂದಾಯಿತು. ಅದಕ್ಕೆ ಬಂದ ಹೊಸ ಬೆಲೆ ಅದರ ಮರದಲ್ಲಾಗಲಿ ತಂತಿಯಲ್ಲಾಗಲಿ ಇರಲಿಲ್ಲ. ನೋಡಿದ ಜನರ ಮನಸ್ಸಿನಲ್ಲಿತ್ತು. ಆ ಬೆಲೆ ಬೆಳೆಯಲು ಕಾಲ ಬೇಕಾಯಿತು. ಬೆಲೆ ಬೆಳೆಯುವ ಹೊತ್ತಿಗೆ ವಸ್ತುವೇ ಕೈಬಿಟ್ಟುಹೋಗಿತ್ತು.

ಅದರ ಸುತ್ತಲಿನ ಉಳಿದೆಲ್ಲವೂ ಕಾಪಾಡಲ್ಪಟ್ಟಿರುವುದು ಈ ನಷ್ಟವನ್ನು ಇನ್ನಷ್ಟು ಎದ್ದುಕಾಣುವಂತೆ ಮಾಡುತ್ತದೆ. ಮೊದಲು ಹಾಡನ್ನು ನೋಡೋಣ. 1977ರಲ್ಲಿ ಆಕಾಶಕ್ಕೆ ಹಾರಿದ ಎರಡು ವಾಯೇಜರ್ ನೌಕೆಗಳಲ್ಲಿ, ಭೂಮಿಯ ಸಂಗೀತವನ್ನೂ ಶಬ್ದಗಳನ್ನೂ ತುಂಬಿದ ಚಿನ್ನದ ಲೇಪದ ಧ್ವನಿಮುದ್ರಿಕೆಗಳಿವೆ. ಅವುಗಳಲ್ಲಿ ಚಕ್ ಬೆರಿಯವರ 'ಜಾನಿ ಬಿ. ಗುಡ್' ಸೇರಿದೆ. ಆ ಹಾಡು ಗ್ರಹಗಳನ್ನೆಲ್ಲ ದಾಟಿ ನಕ್ಷತ್ರಗಳ ನಡುವಣ ಬಯಲಿನಲ್ಲಿ ಸಾಗುತ್ತಿದೆ. ಇನ್ನು ಚಿತ್ರ: 2007ರಲ್ಲಿ ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಅದನ್ನು ಸಂರಕ್ಷಿಸಬೇಕಾದ ರಾಷ್ಟ್ರೀಯ ಚಲಚ್ಚಿತ್ರಗಳ ಪಟ್ಟಿಗೆ ಸೇರಿಸಿತು. ಕಾಲಯಂತ್ರವಾಗಿ ಮೆರೆದ ಡೆಲೋರಿಯನ್ ಕಾರು ಬಹುಕಾಲ ಬಿಸಿಲುಮಳೆಗೆ ಮೈಯೊಡ್ಡಿ, ಬಿಡಿಭಾಗಗಳನ್ನು ಕಳೆದುಕೊಂಡು ಪಾಳುಬಿದ್ದಿತ್ತು. ಅಭಿಮಾನಿಗಳೂ ಕುಶಲಕರ್ಮಿಗಳೂ ಅದನ್ನು ಶ್ರದ್ಧೆಯಿಂದ ಸರಿಪಡಿಸಿದರು. 2016ರಲ್ಲಿ ಅದು ಲಾಸ್ ಏಂಜಲೀಸಿನ ಪೀಟರ್ಸನ್ ವಾಹನ ವಸ್ತುಸಂಗ್ರಹಾಲಯವನ್ನು ಸೇರಿತು. ಚಕ್ ಬೆರಿಯವರು ತಾವು 'ಮೇಬೆಲೀನ್' ಎಂದು ಹೆಸರಿಟ್ಟಿದ್ದ ಗಿಬ್ಸನ್ ಗಿಟಾರನ್ನು ವಾಷಿಂಗ್ಟನ್ನಿನ ಸ್ಮಿತ್‌ಸೋನಿಯನ್ ಸಂಸ್ಥೆಗೆ ಕೊಟ್ಟರು. ಹಾಡು ಉಳಿಯಿತು, ಚಿತ್ರ ಉಳಿಯಿತು, ಕಾರು ಉಳಿಯಿತು, ಕವಿಗಾಯಕನ ಗಿಟಾರೂ ಉಳಿಯಿತು. ಕಾಣದೆ ಹೋದದ್ದು ಮಾರ್ಟಿಯ ಗಿಟಾರ್ ಒಂದೇ.

ಎರವಲು ಹೋದ ವಾದ್ಯಕ್ಕೆ ಇನ್ನೊಂದು ಬಗೆಯ ಗತಿಯೂ ಬರಬಹುದೆಂಬುದಕ್ಕೆ 2015ರಲ್ಲಿ ತೆರೆಕಂಡ 'ದ ಹೇಟ್‌ಫುಲ್ ಏಟ್' ಎಂಬ ಚಿತ್ರ ಸಾಕ್ಷಿಯಾಗಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ನಡೆಯುವ ಆ ಕಥೆಗೆ ಆ ಕಾಲದ್ದೇ ಆದ ಗಿಟಾರ್ ಬೇಕಾಗಿತ್ತು. 1833ರಲ್ಲಿ ಸ್ಥಾಪಿತವಾದ ಮಾರ್ಟಿನ್ ಸಂಸ್ಥೆ ಪೆನ್ಸಿಲ್ವೇನಿಯದ ನಾಜರೆತ್‌ನಲ್ಲಿರುವ ತನ್ನ ವಸ್ತುಸಂಗ್ರಹಾಲಯದಿಂದ 1870ರ ದಶಕದ ಗಿಟಾರೊಂದನ್ನು ಎರವಲಾಗಿ ಕೊಟ್ಟಿತು. ಇದು ವಿದ್ಯುತ್ ಗಿಟಾರಲ್ಲ, ಮರದ ಒಡಲಿನ ಹಳೆಯ ವಾದ್ಯ. ಕಥೆಯಲ್ಲಿ ಒಬ್ಬಾಕೆ ಹಾಡುತ್ತಿರುವಾಗ ಇನ್ನೊಬ್ಬನು ಗಿಟಾರನ್ನು ಕಸಿದು ಕಂಬಕ್ಕೆ ಬಡಿದು ಒಡೆಯುತ್ತಾನೆ. ಒಡೆಯಲೆಂದೇ ಅದರ ಪ್ರತಿರೂಪಗಳನ್ನು ಮಾಡಿಸಿ ಇಟ್ಟಿದ್ದರು. ಹಾಡು ಒಂದು ಹಂತಕ್ಕೆ ಬಂದಾಗ ಚಿತ್ರೀಕರಣವನ್ನು ನಿಲ್ಲಿಸಿ, ನಿಜವಾದ ಗಿಟಾರನ್ನು ತೆಗೆದು, ಪ್ರತಿರೂಪವನ್ನು ಇಡಬೇಕಾಗಿತ್ತು. ಈ ಸಂಗತಿ ನಟ ಕರ್ಟ್ ರಸೆಲ್ ಅವರಿಗೆ ತಿಳಿದಿರಲಿಲ್ಲ. ಅವರು ಪಾತ್ರದ ಆವೇಶದಲ್ಲಿ ನಿಜವಾದ ಗಿಟಾರನ್ನೇ ಕಸಿದು ಒಡೆದುಬಿಟ್ಟರು. ಎದುರಿಗಿದ್ದ ನಟಿ ಜೆನಿಫರ್ ಜೇಸನ್ ಲೀ ಅವರ ಮುಖದಲ್ಲಿ ತೆರೆಯ ಮೇಲೆ ಕಾಣುವ ಗಾಬರಿ ಅಭಿನಯವಲ್ಲ. ಒಂದೂವರೆ ಶತಮಾನದಷ್ಟು ಕಾಲ ಬಾಳಿದ ವಾದ್ಯ ಕ್ಷಣಮಾತ್ರದಲ್ಲಿ ಚೂರಾಯಿತು. ವಿಮೆಯ ಹಣವೇನೋ ಬಂದಿತು. ಗಿಟಾರ್ ಮರಳಿ ಬರುವಂತಿರಲಿಲ್ಲ. ಇನ್ನು ಮುಂದೆ ಚಲಚ್ಚಿತ್ರಗಳಿಗೆ ಗಿಟಾರುಗಳನ್ನು ಎರವಲು ಕೊಡುವುದಿಲ್ಲವೆಂದು ಆ ಸಂಗ್ರಹಾಲಯ ತೀರ್ಮಾನಿಸಿತು.

ಎರಡು ಗಿಟಾರುಗಳ ಗತಿಯನ್ನೂ ಅಕ್ಕಪಕ್ಕದಲ್ಲಿಟ್ಟು ನೋಡಬೇಕು. ಒಂದರ ಬೆಲೆ ಯಾರಿಗೂ ತಿಳಿದಿರಲಿಲ್ಲ. ಆದ್ದರಿಂದ ಅದು ಕಳೆದುಹೋಯಿತು. ಇನ್ನೊಂದರ ಬೆಲೆ ಹಲವರಿಗೆ ಚೆನ್ನಾಗಿ ತಿಳಿದಿತ್ತು. ಆದರೆ ತಿಳಿದವರ ಮಾತು ಅದನ್ನು ಕೈಯಲ್ಲಿ ಹಿಡಿಯುವವರ ಕಿವಿಗೆ ಮುಟ್ಟಲಿಲ್ಲ. ಆದ್ದರಿಂದ ಅದು ಒಡೆದುಹೋಯಿತು. ಮೊದಲನೆಯದನ್ನು ಪುಸ್ತಕದಲ್ಲಿ ಬರೆದಿಟ್ಟ ಒಂದು ಸಾಲು ಉಳಿಸಬಹುದಿತ್ತು. ಎರಡನೆಯದನ್ನು ಸಮಯಕ್ಕೆ ಸರಿಯಾಗಿ ಆಡಿದ ಒಂದು ಮಾತು ಉಳಿಸಬಹುದಿತ್ತು. ವಸ್ತುಗಳ ರಕ್ಷಣೆಗೆ ಬೀಗ ಕಾವಲುಗಳಷ್ಟೇ ಸಾಲವು. ಬರಹವೂ ಬೇಕು, ತಿಳಿವಳಿಕೆಯೂ ಬೇಕು.

2025ರ ಜೂನ್ ತಿಂಗಳಲ್ಲಿ, ಚಿತ್ರಕ್ಕೆ ನಲವತ್ತು ವರ್ಷ ತುಂಬಿದ ಸಂದರ್ಭದಲ್ಲಿ, ಗಿಬ್ಸನ್ ಸಂಸ್ಥೆ ಕಾಣೆಯಾದ ಗಿಟಾರಿಗಾಗಿ ಬಹಿರಂಗವಾಗಿ ಹುಡುಕಾಟವನ್ನು ಆರಂಭಿಸಿತು. ಯಾರ ಮನೆಯಲ್ಲಾದರೂ ಅದು ಇದ್ದರೆ ತಿಳಿಸಬೇಕೆಂದು ಜನರನ್ನು ಕೇಳಿಕೊಂಡಿತು. ಮೈಕೇಲ್ ಜೆ. ಫಾಕ್ಸ್ ಅವರೂ ಅವರ ಸಹನಟರೂ ಈ ಕೋರಿಕೆಗೆ ದನಿಗೂಡಿಸಿದರು. ಫಾಕ್ಸ್ ಅವರಿಗೆ 1991ರಲ್ಲಿಯೇ, ಮೂವತ್ತರ ಹರೆಯದಲ್ಲಿ, ಪಾರ್ಕಿನ್‌ಸನ್ ಕಾಯಿಲೆ ಇರುವುದು ತಿಳಿದುಬಂದಿತ್ತು. ಕೈಕಾಲುಗಳ ಹತೋಟಿಯನ್ನು ಕಸಿದುಕೊಳ್ಳುವ ರೋಗವದು. 2000ದಲ್ಲಿ ಅವರು ಆ ರೋಗದ ಸಂಶೋಧನೆಗಾಗಿ ಪ್ರತಿಷ್ಠಾನವೊಂದನ್ನು ಸ್ಥಾಪಿಸಿದರು. 2016ರಲ್ಲಿ ನ್ಯೂಜೆರ್ಸಿಯ ಸಂಗೀತ ಕಾರ್ಯಕ್ರಮವೊಂದರಲ್ಲಿ ಅವರು ಗಿಟಾರ್ ಹಿಡಿದು ವೇದಿಕೆಯೇರಿ ಅದೇ ಹಾಡಿಗೆ ಕೈಗೂಡಿಸಿದಾಗ ಜನಸಮೂಹ ಹರ್ಷೋದ್ಗಾರ ಮಾಡಿತು. ಚಿತ್ರದೊಳಗೆ ಬೆರಳುಗಳು ಬಲಗುಂದುವುದು ಒಂದು ಕಲ್ಪನೆ. ಬಾಳಿನಲ್ಲಿ ಅದು ನಿಜವಾಗಿ ಬಂದೆರಗಿದರೂ ಅವರು ಎದೆಗುಂದಲಿಲ್ಲ. ಇಂಥವರ ಯೌವನದ ನೆನಪನ್ನು ಹೊತ್ತ ವಾದ್ಯವನ್ನು ಜನ ಹುಡುಕುತ್ತಿರುವುದು ಅದರ ಹಣದ ಬೆಲೆಗಾಗಿ ಮಾತ್ರವಲ್ಲ.

ಸಾವಿರಾರು ಗಿಟಾರುಗಳ ನಡುವೆ ಅದನ್ನು ಗುರುತಿಸುವುದು ಹೇಗೆ? ಕೆಂಪು ಬಣ್ಣವನ್ನು ಯಾರಾದರೂ ಬಳಿಯಬಹುದು. ಅಭಿಮಾನಿಗಳು ಚಿತ್ರದ ದೃಶ್ಯಗಳನ್ನು ಒಂದೊಂದಾಗಿ ನಿಲ್ಲಿಸಿ ಪರೀಕ್ಷಿಸಿದಾಗ ಒಂದು ಸಣ್ಣ ಗುರುತು ದೊರೆಯಿತು. ಈ ಮಾದರಿಯ ಗಿಟಾರುಗಳ ಮೆಟ್ಟಿಲುಗಳ ನಡುವೆ ಸಾಲಾಗಿ ಹೊಳೆಯುವ ಬಿಲ್ಲೆಗಳನ್ನು ಕೂರಿಸಿರುತ್ತಾರೆ. ಪ್ರತಿಯೊಂದು ಬಿಲ್ಲೆಯೂ ಓರೆಯಾಗಿ ಸೀಳಿ ಎರಡು ಭಾಗವಾಗಿ ಕಾಣುವುದು ವಾಡಿಕೆ. ಆದರೆ ಚಿತ್ರದ ಗಿಟಾರಿನಲ್ಲಿ ಹನ್ನೆರಡನೆಯ ಮೆಟ್ಟಿಲಿನ ಬಳಿಯ ಬಿಲ್ಲೆ ಮಾತ್ರ ಸೀಳಿಲ್ಲದ ಅಖಂಡ ಬಿಲ್ಲೆಯಾಗಿದೆ. ಎಲ್ಲವೂ ಒಂದೇ ಅಚ್ಚಿನಂತೆ ಇದ್ದಿದ್ದರೆ ಈ ಗಿಟಾರನ್ನು ಹುಡುಕುವುದು ಇನ್ನೂ ಕಷ್ಟವಾಗುತ್ತಿತ್ತು. ವಾಡಿಕೆಗೆ ಹೊರತಾದ ಆ ಬೆರಳಗಲದ ಬಿಲ್ಲೆಯೇ ಇದಕ್ಕೆ ದುಷ್ಯಂತನ ಮುದ್ರೆಯುಂಗುರ.

ಆ ಗಿಟಾರ್ ಯಾರ ಮನೆಯ ಅಟ್ಟದಲ್ಲಿ ಧೂಳು ಹಿಡಿದು ಕುಳಿತಿದ್ದೀತು? ಅಥವಾ ಅದರ ಪೂರ್ವಚರಿತ್ರೆಯನ್ನೇ ಅರಿಯದ ಯಾವನೋ ವಾದಕನ ಕೈಯಲ್ಲಿ ದಿನವೂ ನುಡಿಯುತ್ತಿದ್ದೀತು? ಎರಡನೆಯದೇ ನಿಜವಾದರೆ ಅದನ್ನು ದುರ್ಗತಿಯೆನ್ನಲಾಗದು. ತೆರೆಯ ಮೇಲೆ ಬೇರೊಂದರ ದನಿಗೆ ಬಾಯಾಡಿಸಿದ ವಾದ್ಯ, ಅಜ್ಞಾತವಾಗಿ ಬಾಳುತ್ತ, ತನ್ನದೇ ದನಿಯಲ್ಲಿ ಹಾಡುತ್ತಿದೆ ಎಂದಂತಾಗುತ್ತದೆ. ಗಾಜಿನ ಪೆಟ್ಟಿಗೆಯಲ್ಲಿ ಮೌನವಾಗಿರುವ ಕೀರ್ತಿಗಿಂತ ಅದು ವಾದ್ಯಕ್ಕೆ ಹೆಚ್ಚು ಸಹಜವಾದ ಬದುಕು. ಆದರೆ ಅದನ್ನು ನುಡಿಸುತ್ತಿರುವವನಿಗೆ ಅದರ ಕಥೆಯೂ ತಿಳಿದಿದ್ದರೆ ಎಷ್ಟು ಚೆನ್ನಾಗಿತ್ತು! ನಮ್ಮ ಮನೆಗಳಲ್ಲಿಯೂ ಅಜ್ಜ ಅಜ್ಜಿಯರ ಕಾಲದ ಎಷ್ಟೋ ವಸ್ತುಗಳು ಮೂಲೆಯಲ್ಲಿರುತ್ತವೆ. ಅವು ಎಲ್ಲಿಂದ ಬಂದವು, ಯಾರ ಕೈಯಲ್ಲಿ ದುಡಿದವು ಎಂದು ಬಲ್ಲವರು ಇರುವಾಗಲೇ ಕೇಳಿ ತಿಳಿದು ಒಂದು ಕಾಗದದಲ್ಲಿ ಬರೆದಿಡುವುದು ದೊಡ್ಡ ಶ್ರಮದ ಕೆಲಸವಲ್ಲ. ಅಂಥ ಕಾಗದವೊಂದು ಆ ಕೆಂಪು ಗಿಟಾರಿನ ಪೆಟ್ಟಿಗೆಯೊಳಗೆ ಇದ್ದಿದ್ದರೆ, ಅದಕ್ಕಾಗಿ ದೇಶವೆಲ್ಲ ಹುಡುಕಬೇಕಾದ ಅಗತ್ಯವೇ ಬರುತ್ತಿರಲಿಲ್ಲ.